ಪಂಚಮೀ ವಿಭಕ್ತಿ ಮತ್ತು ‘ದೆಸೆಯಿಂದ’: ಒಂದು ವ್ಯಾಕರಣ ಸಂಜ್ಞೆಯ ಚರಿತ್ರೆ

ನಂದಗುಡಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಆ ಊರಿನಿಂದ ಹೊಸಕೋಟೆಯ ಸಂತೆಗೆ ಬಂದ ಒಬ್ಬ ರೈತನನ್ನು ‘ಎಲ್ಲಿಂದ ಬಂದಿರಿ?’ ಎಂದು ಕೇಳಿದರೆ ‘ನಂದಗುಡಿಯಿಂದ’ ಎಂದು ಉತ್ತರಿಸುತ್ತಾನೆ. ‘ನಂದಗುಡಿಯ ದೆಸೆಯಿಂದ’ ಎಂದು ಉತ್ತರಿಸುವ ಕನ್ನಡಿಗ ಅಲ್ಲಿಯೂ ಇಲ್ಲ, ಬೇರೆಲ್ಲಿಯೂ ಇಲ್ಲ. ಆದರೆ ಅದೇ ರೈತನ ಮಗಳು ಶಾಲೆಯಲ್ಲಿ ಬಾಯಿಪಾಠ ಮಾಡುವ ವಿಭಕ್ತಿಗಳ ಪಟ್ಟಿ ಬೇರೆ ಮಾತನ್ನು ಹೇಳುತ್ತದೆ: ರಾಮನು, ರಾಮನನ್ನು, ರಾಮನಿಂದ, ರಾಮನಿಗೆ, ರಾಮನ ದೆಸೆಯಿಂದ, ರಾಮನ, ರಾಮನಲ್ಲಿ. ಈ ಪಟ್ಟಿಯಂತೆ ತಂದೆಯ ‘ನಂದಗುಡಿಯಿಂದ’ ಎಂಬ ಪದ ರೂಪದಲ್ಲಿ ತೃತೀಯೆ. ಅದು ಹೇಳುವ ಅರ್ಥ ಮಾತ್ರ ಪಂಚಮಿಯದು.

ಈ ತೊಡಕು ಕೇವಲ ಶಾಲಾ ಪಾಠದ ತೊಡಕಲ್ಲ. ಕನ್ನಡದಲ್ಲಿ ಐದನೆಯ ವಿಭಕ್ತಿ ಎಂಬುದೊಂದು ಇದೆಯೇ, ಇಲ್ಲದಿದ್ದರೆ ಕೇಶಿರಾಜನಂತಹ ಲಕ್ಷಣಕಾರ ಅದನ್ನು ಏಕೆ ಒಪ್ಪಿದ, ಒಪ್ಪಿದ್ದು ಸಂಸ್ಕೃತದ ಅನುಕರಣೆಯೇ ಎಂಬ ಪ್ರಶ್ನೆಗಳು ಇದರ ಹಿಂದಿವೆ. ಕನ್ನಡದ ಪ್ರಾಚೀನ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ಎರಕವಾದವು ಎಂಬ ಆಕ್ಷೇಪವನ್ನು ಎತ್ತುವವರು ಮೊದಲು ತೋರಿಸಬಹುದಾದ ಉದಾಹರಣೆಗಳಲ್ಲಿ ಈ ಪಂಚಮಿಯೂ ಒಂದು. ಆಕ್ಷೇಪವನ್ನು ಒಪ್ಪುವ ಅಥವಾ ತಳ್ಳುವ ಮೊದಲು ‘ವಿಭಕ್ತಿ’, ‘ಪಂಚಮಿ’, ‘ಅತ್ತಣಿಂ’, ‘ದೆಸೆಯಿಂದ’ ಎಂಬ ನಾಲ್ಕು ಪದಗಳ ಹುಟ್ಟನ್ನು ಪರಿಶೀಲಿಸುವುದು ಅಗತ್ಯ.

ವಿಭಕ್ತಿ ಎಂಬ ಹೆಸರು

‘ವಿಭಕ್ತಿ’ ಎಂಬುದು ‘ವಿ’ ಉಪಸರ್ಗಪೂರ್ವಕವಾದ ‘ಭಜ್’ ಧಾತುವಿನಿಂದ ಹುಟ್ಟಿದ ಪದ. ವಿಭಾಗಿಸುವುದು, ಬೇರ್ಪಡಿಸುವುದು ಎಂಬುದು ಅದರ ಮೂಲಾರ್ಥ. ಪಾಣಿನಿಯ ವ್ಯವಸ್ಥೆಯಲ್ಲಿ ಈ ಸಂಜ್ಞೆ ನಾಮಪ್ರತ್ಯಯಗಳಿಗೆ ಮಾತ್ರ ಮೀಸಲಲ್ಲ. ಕ್ರಿಯಾಪದಗಳಿಗೆ ಹತ್ತುವ ಪ್ರತ್ಯಯಗಳೂ ಅಲ್ಲಿ ವಿಭಕ್ತಿಗಳೇ. ಪ್ರಥಮಾ, ದ್ವಿತೀಯಾ ಮೊದಲಾದ ಹೆಸರುಗಳನ್ನು ಪಾಣಿನಿ ಎಲ್ಲಿಯೂ ವಿವರಿಸುವುದಿಲ್ಲ. ತನ್ನ ಕಾಲಕ್ಕೆ ಆಗಲೇ ಬಳಕೆಯಲ್ಲಿದ್ದ ಹೆಸರುಗಳೆಂದು ಅವನ್ನು ನೇರವಾಗಿ ಎತ್ತಿಕೊಳ್ಳುತ್ತಾನೆ. ಈ ಹೆಸರುಗಳು ಬರಿಯ ಸಂಖ್ಯೆಗಳು. ಐದನೆಯದು ಏನನ್ನು ಹೇಳುತ್ತದೆ ಎಂಬುದು ‘ಪಂಚಮಿ’ ಎಂಬ ಪದದಿಂದ ತಿಳಿಯುವುದಿಲ್ಲ. ಸಾಲಿನಲ್ಲಿ ಅದರ ಸ್ಥಾನ ಮಾತ್ರ ತಿಳಿಯುತ್ತದೆ.

ಅರ್ಥವನ್ನು ಹೇಳುವ ಕೆಲಸಕ್ಕೆ ಪಾಣಿನಿ ಬೇರೆಯದೇ ಆದ ಒಂದು ಸಂಜ್ಞಾಸಮೂಹವನ್ನು ಇಟ್ಟುಕೊಂಡ. ಅವು ಕಾರಕಗಳು: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಒಂದರಿಂದ ಇನ್ನೊಂದು ಅಗಲುವಾಗ ಯಾವುದು ನೆಲೆಯಾಗಿ ನಿಲ್ಲುವುದೋ ಅದು ಅಪಾದಾನ. ಮರದಿಂದ ಎಲೆ ಉದುರಿದರೆ ಮರವೇ ಅಪಾದಾನ. ಆ ಅರ್ಥದಲ್ಲಿ ಪಂಚಮೀ ವಿಭಕ್ತಿ ಬರುತ್ತದೆ ಎಂಬುದು ಬೇರೆಯೇ ವಿಧಿ. ಕಾರಕ ಅರ್ಥದ ಕಡೆಯದು, ವಿಭಕ್ತಿ ರೂಪದ ಕಡೆಯದು. ಇವೆರಡನ್ನೂ ಬೇರೆಬೇರೆ ಇರಿಸಿದ್ದು ಪಾಣಿನೀಯ ಪದ್ಧತಿಯ ಬಹು ದೊಡ್ಡ ಲಾಭ. ಮುಂದಿನ ಚರ್ಚೆಗೆ ಈ ಭೇದವೇ ಕೀಲಿಕೈ.

ಸಂಸ್ಕೃತದಲ್ಲಿಯೂ ಪಂಚಮಿಗೆ ತನ್ನದೇ ಆದ ರೂಪ ಬಹಳ ಕಡಿಮೆ ಕಡೆಗಳಲ್ಲಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ‘ರಾಮಾತ್’ ಎಂಬ ಅಕಾರಾಂತ ಏಕವಚನದಲ್ಲಿ, ‘ತಸ್ಮಾತ್’ ಮೊದಲಾದ ಸರ್ವನಾಮಗಳಲ್ಲಿ ಅದು ಸ್ಪಷ್ಟವಾಗಿ ಬೇರೆ. ‘ಹರೇಃ’ ಎಂಬ ರೂಪ ಪಂಚಮಿಯೂ ಹೌದು, ಷಷ್ಠಿಯೂ ಹೌದು. ‘ರಾಮೇಭ್ಯಃ’ ಚತುರ್ಥಿಗೂ ಪಂಚಮಿಗೂ ಸಮಾನ. ‘ರಾಮಾಭ್ಯಾಮ್’ ಎಂಬ ದ್ವಿವಚನ ತೃತೀಯೆ, ಚತುರ್ಥಿ, ಪಂಚಮಿ ಮೂರಕ್ಕೂ ಸಲ್ಲುತ್ತದೆ. ಆದರೂ ವೈಯಾಕರಣರು ಪಂಚಮಿಯ ಮನೆಯನ್ನು ಉಳಿಸಿಕೊಂಡರು. ಏಕೆಂದರೆ ಕೆಲವು ಪದಗಳಲ್ಲಾದರೂ ಅದು ಬೇರೆಯಾಗಿ ಕೇಳುತ್ತಿತ್ತು.

ಪೂಜ್ಯಪಾದರ ‘ಕಾ’

ಸಂಖ್ಯೆಯ ಹೆಸರುಗಳನ್ನು ಬಿಟ್ಟು ಹೊಸ ಹೆಸರುಗಳನ್ನು ಕಟ್ಟಿದ ಪ್ರಯತ್ನವೊಂದು ಜೈನ ಪರಂಪರೆಯಲ್ಲಿದೆ. ದೇವನಂದಿ ಎಂಬ ಹೆಸರಿನ ಪೂಜ್ಯಪಾದಾಚಾರ್ಯರು ರಚಿಸಿದ ಜೈನೇಂದ್ರ ವ್ಯಾಕರಣ ಸಂಕ್ಷೇಪಕ್ಕೆ ಹೆಸರಾದದ್ದು. ಗಂಗರ ದುರ್ವಿನೀತನು ಪೂಜ್ಯಪಾದರ ಶಿಷ್ಯನೆಂದು ಪರಂಪರೆ ಹೇಳುತ್ತದೆ. ಗಂಗರ ಮೊದಲ ರಾಜಧಾನಿಯಾದ ಕುವಳಾಲ ಇಂದಿನ ಕೋಲಾರ. ನಂದಗುಡಿಯ ಸೀಮೆ ಅದರ ನೆರೆಯದೇ. ಹೀಗಾಗಿ ವಿಭಕ್ತಿಯ ಹೆಸರುಗಳ ಬಗ್ಗೆ ಬಹು ಸೂಕ್ಷ್ಮವಾಗಿ ಆಲೋಚಿಸಿದ ಒಂದು ಗ್ರಂಥದ ನೆನಪು ಈ ಗಂಗ ನಾಡಿಗೂ ಸೇರಿದ್ದು.

ಪೂಜ್ಯಪಾದರು ‘ವಿಭಕ್ತೀ’ ಎಂಬ ಪದವನ್ನೇ ಬಿಡಿಸಿದರು. ಅದರಲ್ಲಿರುವ ವರ್ಣಗಳು ಏಳು: ವ್, ಇ, ಭ್, ಅ, ಕ್, ತ್, ಈ. ವ್ಯಂಜನಗಳಿಗೆ ‘ಆ’ ಸೇರಿಸಿ, ಸ್ವರಗಳಿಗೆ ‘ಪ್’ ಸೇರಿಸಿ ಏಳು ವಿಭಕ್ತಿಗಳಿಗೆ ಏಳು ಹೆಸರುಗಳನ್ನು ಪಡೆದರು. ಪ್ರಥಮೆಗೆ ವಾ, ದ್ವಿತೀಯೆಗೆ ಇಪ್, ತೃತೀಯೆಗೆ ಭಾ, ಚತುರ್ಥಿಗೆ ಅಪ್, ಪಂಚಮಿಗೆ ಕಾ, ಷಷ್ಠಿಗೆ ತಾ, ಸಪ್ತಮಿಗೆ ಈಪ್. ಏಳು ವಿಭಕ್ತಿಗಳ ಹೆಸರೂ ‘ವಿಭಕ್ತೀ’ ಎಂಬ ಒಂದೇ ಹೆಸರಿನ ಒಳಗಿನಿಂದ ಬಂದವು. ಲಾಘವವನ್ನು ಪುತ್ರೋತ್ಸವಕ್ಕೆ ಸಮನಾಗಿ ಎಣಿಸಿದ ವೈಯಾಕರಣ ಲೋಕದಲ್ಲಿಯೂ ಇಷ್ಟು ಚೊಕ್ಕವಾದ ಸಂಜ್ಞಾವಿಧಾನ ವಿರಳ.

ಆದರೆ ಈ ಚೊಕ್ಕತನದಲ್ಲಿ ಒಂದು ಕಟ್ಟುಪಾಡೂ ಇದೆ. ಯಾವುದಾದರೂ ಭಾಷೆಗೆ ಪಂಚಮಿ ಬೇಡವೆಂದು ‘ಕಾ’ವನ್ನು ತೆಗೆದರೆ ‘ವಿಭಕ್ತೀ’ ಎಂಬ ಪದದಿಂದ ಕಕಾರ ಬಿದ್ದುಹೋಗುತ್ತದೆ. ಆ ಪದವೇ ಉಳಿಯುವುದಿಲ್ಲ. ಸಂಖ್ಯೆಯ ಹೆಸರುಗಳಲ್ಲಿಯೂ ಇದೇ ಕಟ್ಟುಪಾಡು ಬೇರೆ ರೀತಿಯಲ್ಲಿದೆ. ಐದನೆಯದನ್ನು ಬಿಟ್ಟರೆ ಆರನೆಯದು ಆರನೆಯದಾಗಿ ಉಳಿಯುವುದಿಲ್ಲ, ಏಳನೆಯದು ಏಳನೆಯದಾಗಿ ಉಳಿಯುವುದಿಲ್ಲ. ಷಷ್ಠಿ, ಸಪ್ತಮಿ ಎಂಬ ಹೆಸರುಗಳನ್ನು ಎರವಲು ಪಡೆದ ಭಾಷೆ ಪಂಚಮಿಯನ್ನೂ ಪಡೆಯಲೇಬೇಕಾಗುತ್ತದೆ. ಸಂಸ್ಕೃತಕ್ಕಾಗಿ ಕಟ್ಟಿದ ಈ ಸಾಲು ಕನ್ನಡಕ್ಕೆ ಬಂದಾಗ ಆದದ್ದೂ ಇದೇ.

ದೂರದ ಒಂದು ದ್ವೀಪದ ಸಾಕ್ಷ್ಯ

ವಿಭಕ್ತಿಗಳಿಗೆ ಸಂಖ್ಯೆಯಿಂದಲ್ಲದೆ ಅರ್ಥದಿಂದ ಹೆಸರಿಟ್ಟ ಪರಂಪರೆಯಲ್ಲಿ ಏನಾಯಿತು ಎಂಬುದನ್ನು ನೋಡಲು ಐಸ್‌ಲ್ಯಾಂಡಿನ ಉದಾಹರಣೆ ಉಪಯುಕ್ತ. ಕನ್ನಡಕ್ಕೆ ಸಂಸ್ಕೃತ ಹೇಗೋ ಐಸ್‌ಲ್ಯಾಂಡಿಕ್ ಭಾಷೆಗೆ ಲ್ಯಾಟಿನ್ ಹಾಗೆ ಶಾಸ್ತ್ರಭಾಷೆಯಾಗಿತ್ತು. 12ನೆಯ ಶತಮಾನದಲ್ಲಿ ಹೆಸರು ತಿಳಿಯದ ಒಬ್ಬ ಪಂಡಿತ ತನ್ನ ನುಡಿಯ ಧ್ವನಿಗಳಿಗೆ ತಕ್ಕ ಅಕ್ಷರಗಳನ್ನು ಗೊತ್ತುಮಾಡಲು ಒಂದು ಲಕ್ಷಣಗ್ರಂಥ ಬರೆದ. ಅದನ್ನು ‘ಮೊದಲ ವ್ಯಾಕರಣ ಗ್ರಂಥ’ ಎಂದೇ ಕರೆಯುತ್ತಾರೆ. ಸುಮಾರು 1250ರಲ್ಲಿ ಓಲಾವ್ರ್ ಥೋರ್ಧರ್‌ಸನ್ ಎಂಬ ಕವಿ, ಲ್ಯಾಟಿನ್ ವೈಯಾಕರಣರಾದ ಡೊನಾಟಸ್ ಮತ್ತು ಪ್ರಿಶಿಯನರನ್ನು ಆಧರಿಸಿ, ತನ್ನ ನಾಡಿನ ಕವಿಗಳ ಪ್ರಯೋಗಗಳನ್ನು ಉದಾಹರಣೆಯಾಗಿ ಕೊಟ್ಟು ಇನ್ನೊಂದು ಗ್ರಂಥ ರಚಿಸಿದ. ಈತ ಪ್ರಸಿದ್ಧ ಕವಿ ಸ್ನೋರಿ ಸ್ಟುರ್ಲುಸನ್ನನ ಅಣ್ಣನ ಮಗ. ಸುಮಾರು 1260ರಲ್ಲಿ ಕನ್ನಡಕ್ಕೆ ಶಬ್ದಮಣಿದರ್ಪಣವನ್ನು ಕೊಟ್ಟ ಕೇಶಿರಾಜ ಕವಿಚಕ್ರವರ್ತಿ ಜನ್ನನ ಸೋದರಳಿಯ. ಒಬ್ಬರನ್ನೊಬ್ಬರು ಅರಿಯದ ಎರಡು ನಾಡುಗಳಲ್ಲಿ ಒಂದೇ ದಶಕದ ಆಸುಪಾಸಿನಲ್ಲಿ ಎರಡು ಕವಿಕುಲಗಳು ತಮ್ಮ ನಾಡನುಡಿಗೆ ಲಕ್ಷಣ ಬರೆದವು.

ಐಸ್‌ಲ್ಯಾಂಡಿಕ್‌ನಲ್ಲಿ ವಿಭಕ್ತಿಗೆ ‘ಫತ್ಲ್’ ಎಂದು ಹೆಸರು. ಬರೆಯುವಾಗ ಅಲ್ಲಿ ಎರಡು ಲಕಾರಗಳಿವೆ, ಉಚ್ಚಾರದಲ್ಲಿ ಅದು ‘ತ್ಲ್’ ಆಗುತ್ತದೆ. ಪದದ ಅರ್ಥ ‘ಬೀಳುವಿಕೆ’. ಇದು ಲ್ಯಾಟಿನ್ನಿನ ‘ಕಾಸುಸ್’ ಎಂಬುದರ ನೇರ ಅನುವಾದ. ಅದರ ಅರ್ಥವೂ ಬೀಳುವಿಕೆಯೇ. ಲ್ಯಾಟಿನ್ ಪದ ಗ್ರೀಕಿನ ‘ಪ್ಟೋಸಿಸ್’ ಎಂಬ ಪದದ ಅನುವಾದ. ಅಲ್ಲಿಯೂ ಅರ್ಥ ಅದೇ. ಹೀಗೆ ಬೀಳುವಿಕೆಯ ಚಿತ್ರ ಮೂರು ಭಾಷೆಗಳನ್ನು ದಾಟಿ ಬಂದಿದೆ. ಸಂಸ್ಕೃತ ಬೇರ್ಪಡಿಸುವಿಕೆ ಎಂದದ್ದನ್ನು ತಮಿಳು ‘ವೇಟ್ರುಮೈ’ ಎಂದು, ಅಂದರೆ ಬೇರೆತನವೆಂದು ಕರೆಯಿತು. ಯುರೋಪು ಬೀಳುವಿಕೆ ಎಂದಿತು.

ಐಸ್‌ಲ್ಯಾಂಡಿಕ್‌ನಲ್ಲಿ ವಿಭಕ್ತಿಗಳು ನಾಲ್ಕೇ. ನೆಪ್ನಿಫತ್ಲ್ ಹೆಸರಿಸುವ ವಿಭಕ್ತಿ. ಥೋಲ್‌ಫತ್ಲ್ ತಾಳಿಕೊಳ್ಳುವ ವಿಭಕ್ತಿ. ಥೌಗುಫತ್ಲ್ ಸ್ವೀಕರಿಸುವ ವಿಭಕ್ತಿ. ಏಗ್ನರ್‌ಫತ್ಲ್ ಒಡೆತನದ ವಿಭಕ್ತಿ. ಎರಡನೆಯ ಹೆಸರು ‘ಸಹಿಸು, ತಾಳು’ ಎಂಬ ಧಾತುವಿನಿಂದ ಬಂದದ್ದು: ಕ್ರಿಯೆಯ ಫಲವನ್ನು ತಾಳಿಕೊಳ್ಳುವುದು ಎಂಬ ಅರ್ಥ ಅಲ್ಲಿ ತಿಳಿಯಾಗಿದೆ. ಇದೇ ವಿಭಕ್ತಿಯ ಲ್ಯಾಟಿನ್ ಹೆಸರು ‘ಅಕ್ಯೂಸಾಟಿವುಸ್’, ಅಂದರೆ ‘ಆಪಾದನೆಯದು’. ಗ್ರೀಕಿನ ಮೂಲ ಸಂಜ್ಞೆಯಲ್ಲಿರುವ ‘ಐತಿಯಾ’ ಎಂಬ ಶಬ್ದಕ್ಕೆ ಕಾರಣ ಎಂದೂ ಆಪಾದನೆ ಎಂದೂ ಎರಡು ಅರ್ಥಗಳಿವೆ. ರೋಮನರು ಸಲ್ಲದ ಅರ್ಥವನ್ನು ಆರಿಸಿಕೊಂಡರೆಂದು ವಿದ್ವಾಂಸರು ಸಾಮಾನ್ಯವಾಗಿ ಭಾವಿಸುತ್ತಾರೆ. ಮೂರನೆಯ ಹೆಸರಿನಲ್ಲಿ ಇನ್ನೊಂದು ಸೊಗಸಿದೆ. ಗ್ರೀಕು, ಲ್ಯಾಟಿನ್‌ಗಳು ಈ ವಿಭಕ್ತಿಯನ್ನು ‘ಕೊಡುವುದು’ ಎಂದವು, ಸಂಸ್ಕೃತದ ಸಂಪ್ರದಾನದಲ್ಲಿಯೂ ದಾನವೇ ಇದೆ; ಐಸ್‌ಲ್ಯಾಂಡಿಕ್ ಪಡೆಯುವವನ ಕಡೆಯಿಂದ ನೋಡಿ ‘ಸ್ವೀಕರಿಸುವುದು’ ಎಂದಿತು.

ಲ್ಯಾಟಿನ್‌ನಲ್ಲಿ ಈ ನಾಲ್ಕರ ಜೊತೆಗೆ ಅಗಲಿಕೆಯನ್ನು ಹೇಳುವ ಇನ್ನೊಂದು ವಿಭಕ್ತಿ ಇತ್ತು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ಸಮನಾದದ್ದು ಇಲ್ಲದ ಕಾರಣ ರೋಮನರಿಗೆ ಅನುವಾದಿಸಲು ಸಿದ್ಧ ಹೆಸರು ಸಿಗಲಿಲ್ಲ. ಕ್ರಿಸ್ತಪೂರ್ವ 1ನೆಯ ಶತಮಾನದ ವಾರೋ ಅದನ್ನು ‘ಆರನೆಯದು’ ಎಂದೂ ‘ಲ್ಯಾಟಿನ್ನಿನ ಸ್ವಂತದ್ದು’ ಎಂದೂ ಗುರುತಿಸಿದ. ಆಮೇಲೆ ನೆಲೆಗೊಂಡ ‘ಅಬ್ಲಾಟಿವುಸ್’ ಎಂಬ ಹೆಸರಿಗೆ ‘ಒಯ್ದುಬಿಟ್ಟದ್ದಕ್ಕೆ ಸೇರಿದ್ದು’ ಎಂದು ಅರ್ಥ. ಸಂಸ್ಕೃತದ ‘ಅಪಾದಾನ’ ಎಂಬುದರ ಮೂಲಾರ್ಥವೂ ‘ದೂರಕ್ಕೆ ತೆಗೆದುಕೊಳ್ಳುವುದು’ ಎಂಬುದೇ. ಪರಸ್ಪರ ಸಂಬಂಧವಿಲ್ಲದ ಎರಡು ಶಾಸ್ತ್ರಗಳು ಒಂದೇ ಚಿತ್ರಕ್ಕೆ ತಲುಪಿವೆ.

ಈ ಅಗಲಿಕೆಯ ವಿಭಕ್ತಿಗೆ ಐಸ್‌ಲ್ಯಾಂಡಿಕ್‌ನಲ್ಲಿ ಬೇರೆ ರೂಪವಿಲ್ಲ. ಬಹು ಹಿಂದೆಯೇ ಅದರ ಕೆಲಸ ಸ್ವೀಕಾರದ ವಿಭಕ್ತಿಯಲ್ಲಿ ಬೆರೆತುಹೋಯಿತು. ಅಲ್ಲಿನ ಮಕ್ಕಳು ವಿಭಕ್ತಿಗಳನ್ನು ಕಲಿಯುವುದು ನಾಲ್ಕು ಸಣ್ಣ ಮಾತುಗಳ ಸಹಾಯದಿಂದ: ಇಲ್ಲಿದೆ ಕುದುರೆ, ಕುದುರೆಯ ಕುರಿತು, ಕುದುರೆಯಿಂದ, ಕುದುರೆಯ ಕಡೆಗೆ. ‘ಇಂದ’ ಎಂಬ ಅರ್ಥದ ‘ಫ್ರೌ’ ಎಂಬ ಮಾತು ಇಲ್ಲಿ ಸೂಚಿಸುವುದು ‘ಸ್ವೀಕರಿಸುವ’ ವಿಭಕ್ತಿಯನ್ನು. ಹೆಸರು ಪಡೆಯುವುದನ್ನು ಹೇಳಿದರೆ ಕಂಠಪಾಠದ ಮಾತು ಅಗಲುವುದನ್ನು ಹೇಳುತ್ತದೆ. ಆದರೂ ಈ ವಿರೋಧವನ್ನು ತಪ್ಪಿಸಲು ಅಲ್ಲಿನ ವ್ಯಾಕರಣ ಐದನೆಯದೊಂದು ವಿಭಕ್ತಿಯನ್ನು ಇಟ್ಟುಕೊಂಡಿಲ್ಲ. ಹೆಸರುಗಳು ಸಂಖ್ಯೆಗಳಾಗಿರದ ಕಾರಣ ಒಂದು ಮನೆ ಖಾಲಿಯಾದಾಗ ಅದನ್ನು ಪಟ್ಟಿಯಿಂದ ತೆಗೆಯುವುದು ಸುಲಭವಾಯಿತು. ಉಳಿದವುಗಳ ಹೆಸರಿಗೆ ಧಕ್ಕೆಯಾಗಲಿಲ್ಲ.

ಕೇಶಿರಾಜನ ‘ಅತ್ತಣಿಂ’

ಕನ್ನಡದ ಲಕ್ಷಣಕಾರರ ಮುಂದಿದ್ದದ್ದು ಸಂಖ್ಯೆಯ ಸಾಲು. 12ನೆಯ ಶತಮಾನದವನೆಂದು ಸಾಮಾನ್ಯವಾಗಿ ಎಣಿಸಲಾಗುವ ಎರಡನೆಯ ನಾಗವರ್ಮ ಕನ್ನಡಕ್ಕೆ ಎರಡು ರೀತಿಯಲ್ಲಿ ವ್ಯಾಕರಣ ಬರೆದ: ಕಾವ್ಯಾವಲೋಕನದ ಶಬ್ದಸ್ಮೃತಿ ಎಂಬ ಭಾಗದಲ್ಲಿ ಕನ್ನಡದಲ್ಲಿ, ಕರ್ಣಾಟಕ ಭಾಷಾಭೂಷಣದಲ್ಲಿ ಸಂಸ್ಕೃತ ಸೂತ್ರಗಳಲ್ಲಿ. 1604ರಲ್ಲಿ ಭಟ್ಟಾಕಳಂಕದೇವನು 592 ಸಂಸ್ಕೃತ ಸೂತ್ರಗಳ ಶಬ್ದಾನುಶಾಸನವನ್ನು ಮುಗಿಸಿದ. ಇವರ ನಡುವೆ ನಿಲ್ಲುವ ಕೇಶಿರಾಜ ಕಂದಪದ್ಯಗಳಲ್ಲಿ ಸೂತ್ರವನ್ನೂ ಗದ್ಯದಲ್ಲಿ ವೃತ್ತಿಯನ್ನೂ ಕನ್ನಡದಲ್ಲಿಯೇ ಬರೆದು, ಪ್ರಯೋಗಗಳನ್ನು ಪೂರ್ವಕವಿಗಳಿಂದ ಆರಿಸಿಕೊಂಡ. ಶಿಥಿಲದ್ವಿತ್ವವನ್ನು ಗುರುತಿಸಿದ, ೞಕಾರದ ಪದಗಳನ್ನು ಆರಿಸಿ ಕೊಟ್ಟ ಈ ಲಕ್ಷಣಕಾರನ ಕಿವಿ ಕನ್ನಡದ ಮೇಲೆಯೇ ಇತ್ತು ಎಂಬುದರಲ್ಲಿ ಸಂದೇಹವಿಲ್ಲ.

ಕೇಶಿರಾಜ ಹೇಳುವ ಏಳು ವಿಭಕ್ತಿಪ್ರತ್ಯಯಗಳು ಇವು: ಮ್, ಅಮ್, ಇಮ್, ಕೆ, ಅತ್ತಣಿಮ್, ಅದ, ಒಳ್. ಈ ಸಾಲನ್ನು ಒಮ್ಮೆ ಬಾಯಿಬಿಟ್ಟು ಓದಿದರೆ ಐದನೆಯದು ಉಳಿದವುಗಳ ಜಾತಿಯದಲ್ಲ ಎಂಬುದು ಕೂಡಲೇ ತಿಳಿಯುತ್ತದೆ. ಉಳಿದವೆಲ್ಲ ಒಂದೆರಡು ವರ್ಣಗಳ ಸಣ್ಣ ಪ್ರತ್ಯಯಗಳು. ‘ಅತ್ತಣಿಂ’ ಮಾತ್ರ ಒಂದು ಪೂರ್ಣ ಪದದಂತಿದೆ. ಬಿಡಿಸಿದರೆ ಅದರಲ್ಲಿ ಮೂರು ಭಾಗಗಳು ಕಾಣುತ್ತವೆ. ‘ಅತ್ತ’ ಎಂದರೆ ಆ ಕಡೆ. ‘ಅಣ’ ಎಂಬುದು ಸಂಬಂಧವನ್ನು ಹೇಳುವ ಪ್ರತ್ಯಯ. ಮೂಡಣ, ಪಡುವಣ, ತೆಂಕಣ, ಬಡಗಣ ಎಂಬ ದಿಕ್ಕಿನ ಪದಗಳಲ್ಲಿ ಇರುವುದು ಅದೇ. ಕೊನೆಯ ‘ಇಂ’ ಎಂಬುದು ತೃತೀಯೆಯ ಪ್ರತ್ಯಯ. ‘ಮರದತ್ತಣಿಂ’ ಎಂದಾಗ ಮೊದಲಿಗೆ ‘ಮರದ’ ಎಂಬ ಷಷ್ಠಿ, ನಡುವೆ ಕಡೆ ಎಂಬರ್ಥದ ಪದ, ಕೊನೆಗೆ ತೃತೀಯೆ. ಅಂದರೆ ಕನ್ನಡದ ಪಂಚಮಿ ಷಷ್ಠಿಯ ಮೇಲೆ ಕಟ್ಟಿ ತೃತೀಯೆಯಲ್ಲಿ ಮುಗಿಸಿದ ರಚನೆ. ಐದನೆಯ ಮನೆಯೊಳಗೆ ಆರನೆಯದೂ ಮೂರನೆಯದೂ ಕೂಡಿ ವಾಸಿಸುತ್ತಿವೆ.

ಇದನ್ನು ಕೇಶಿರಾಜನ ತಪ್ಪೆಂದು ಹೇಳುವುದು ಸುಲಭ. ಸಂಖ್ಯೆಯ ಸಾಲು ಐದನೆಯದನ್ನು ಬೇಡಿತು, ಲಕ್ಷಣಕಾರ ಒದಗಿಸಿದ ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಮಂಡಿಸಿದ ವಾದ ಇಂತಹ ಎಡೆಗಳಲ್ಲಿ ಬಲವಾಗಿ ನಿಲ್ಲುತ್ತದೆ. ಆದರೆ ಖಾಲಿ ಮನೆಯನ್ನು ತುಂಬುವುದೇ ಉದ್ದೇಶವಾಗಿದ್ದರೆ ಕೇಶಿರಾಜ ‘ಇಂ’ ಎಂಬ ಪ್ರತ್ಯಯವನ್ನೇ ಎರಡು ಕಡೆ ಬರೆದುಬಿಡಬಹುದಿತ್ತು. ಒಂದೇ ರೂಪ ಎರಡು ವಿಭಕ್ತಿಗಳಿಗೆ ಸಲ್ಲುವುದು ಸಂಸ್ಕೃತದಲ್ಲಿಯೇ ಸಹಜವೆಂಬುದನ್ನು ‘ಹರೇಃ’, ‘ರಾಮೇಭ್ಯಃ’ ಮೊದಲಾದ ರೂಪಗಳು ತೋರಿಸುತ್ತವೆ. ಅವನು ಹಾಗೆ ಮಾಡದೆ, ಅಗಲಿಕೆಯ ಅರ್ಥ ಸ್ಪಷ್ಟವಾಗಿ ಬೇಕಾದಾಗ ಭಾಷೆ ಬಳಸುತ್ತಿದ್ದ ಬೇರೆ ರೂಪವನ್ನು ಹುಡುಕಿ ತಂದ. ಸಾಲು ಸಂಸ್ಕೃತದ್ದಾದರೂ ಅಲ್ಲಿ ಇಟ್ಟ ಪದ ಕನ್ನಡದ್ದು.

ದೆಸೆ ತಿರುಗಿದ ಬಗೆ

ಹಳಗನ್ನಡ ಹಿಂದೆ ಸರಿದಂತೆ ‘ಅತ್ತಣಿಂ’ ಬಳಕೆ ತಪ್ಪಿತು. ಹೊಸಗನ್ನಡದ ವ್ಯಾಕರಣಗಳು ಆ ಸ್ಥಾನದಲ್ಲಿ ‘ದೆಸೆಯಿಂದ’ ಎಂಬುದನ್ನು ತಂದು ಕೂರಿಸಿದವು. ‘ದೆಸೆ’ ಎಂಬುದು ಸಂಸ್ಕೃತದ ‘ದಿಶಾ’ ಶಬ್ದದ ತದ್ಭವ; ದಿಕ್ಕು, ಕಡೆ ಎಂದು ಅರ್ಥ. ‘ಅತ್ತ’ ಎಂಬ ಅಚ್ಚಗನ್ನಡ ಪದ ಹೋಗಿ ಅದೇ ಅರ್ಥದ ತದ್ಭವ ಬಂತು, ‘ಇಂ’ ಹೋಗಿ ‘ಇಂದ’ ಬಂತು. ರಚನೆ ಮಾತ್ರ ಹಾಗೆಯೇ ಉಳಿಯಿತು: ಷಷ್ಠಿ, ಕಡೆ ಎಂಬ ಪದ, ತೃತೀಯೆ.

ಆದರೆ ಜನರ ಬಾಯಲ್ಲಿ ‘ದೆಸೆಯಿಂದ’ ಬೇರೆ ದಾರಿ ಹಿಡಿಯಿತು. ‘ನಿನ್ನ ದೆಸೆಯಿಂದ ಈ ಕೆಲಸ ಕೆಟ್ಟಿತು’ ಎಂದರೆ ನಿನ್ನ ಕಾರಣದಿಂದ ಕೆಟ್ಟಿತು ಎಂದರ್ಥ. ನಿನ್ನಿಂದ ದೂರ ಹೋಯಿತು ಎಂದಲ್ಲ. ಸ್ಥಿತಿ, ಗತಿ ಎಂಬರ್ಥದ ‘ದಶಾ’ ಶಬ್ದವೂ ಕನ್ನಡದಲ್ಲಿ ‘ದೆಸೆ’ ಆಗಿರುವುದು ಈ ಅರ್ಥಕ್ಕೆ ಇಂಬು ಕೊಟ್ಟಿರಬಹುದು. ಪಠ್ಯಗಳಲ್ಲಿ ಬಹುಕಾಲದಿಂದ ಬಂದಿರುವ ಉದಾಹರಣೆಯ ಮಾದರಿಯಲ್ಲಿ ‘ಮರದ ದೆಸೆಯಿಂದ ಹಣ್ಣು ಬಿದ್ದಿತು’ ಎಂದು ಇಂದು ಹೇಳಿದರೆ, ಹಣ್ಣು ಬೀಳಲು ಮರವೇ ಕಾರಣವಾಯಿತು ಎಂಬ ಅರ್ಥವೇ ಕೇಳುವವನಿಗೆ ಮೊದಲು ಹೊಳೆಯುತ್ತದೆ. ಹೇತುವನ್ನು ಹೇಳುವುದು ಸಂಸ್ಕೃತದಲ್ಲಿ ಮುಖ್ಯವಾಗಿ ತೃತೀಯೆಯ ಕೆಲಸ. ಹೀಗೆ ತೃತೀಯೆಯಿಂದ ಬೇರೆಯೆಂದು ತೋರಿಸಲು ಆರಿಸಿದ ಪದ ಅರ್ಥದಲ್ಲಿಯೂ ತೃತೀಯೆಯ ಕಡೆಗೆ ಹೊರಳಿಕೊಂಡಿದೆ. ಅಗಲಿಕೆಯನ್ನು ಕಲಿಸಲು ಇಟ್ಟ ಉದಾಹರಣೆ ಇಂದು ವಿದ್ಯಾರ್ಥಿಗೆ ಕಾರಣವನ್ನು ಕಲಿಸುತ್ತದೆ.

‘ವಿಭಕ್ತಿಪಲ್ಲಟ’ ಎಂಬ ಪರಿಹಾರವೊಂದು ನಮ್ಮ ವ್ಯಾಕರಣಗಳಲ್ಲಿದೆ. ‘ಮರದಿಂದ ಹಣ್ಣು ಬಿದ್ದಿತು’ ಎಂಬಲ್ಲಿ ಪಂಚಮಿಯ ಬದಲಿಗೆ ತೃತೀಯೆ ಬಂದಿದೆ ಎಂದು ಅವು ಸಮಾಧಾನ ಹೇಳುತ್ತವೆ. ಸಂದರ್ಭವಶದಿಂದ ಒಂದು ವಿಭಕ್ತಿ ಇನ್ನೊಂದರ ಸ್ಥಾನದಲ್ಲಿ ಬರುವುದನ್ನು ಪಲ್ಲಟವೆನ್ನುವುದು ಸರಿ. ಆದರೆ ಎಲ್ಲರೂ ಎಲ್ಲ ಕಾಲದಲ್ಲಿಯೂ ಆಡುವ ರೂಪವನ್ನು ಪಲ್ಲಟವೆಂದು, ಯಾರೂ ಆಡದ ರೂಪವನ್ನು ನಿಯಮವೆಂದು ಕರೆದರೆ ಪಲ್ಲಟಗೊಂಡದ್ದು ವ್ಯಾಕರಣವೇ ಎನ್ನಬೇಕಾಗುತ್ತದೆ.

ನೆರೆಯ ನುಡಿಗಳು

ನಂದಗುಡಿಯ ಸೀಮೆಯಲ್ಲಿ ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುತ್ತದೆ. ತಮಿಳು ನಾಡೂ ದೂರವಿಲ್ಲ. ಈ ನೆರೆನುಡಿಗಳು ಅಗಲಿಕೆಯನ್ನು ಹೇಳಲು ಬೇರೆ ದಾರಿ ಹಿಡಿದಿವೆ. ತೆಲುಗಿನ ‘ನುಂಡಿ’, ‘ನುಂಚಿ’ ಎಂಬ ರೂಪಗಳಲ್ಲಿ ‘ಉಂಡು’, ಅಂದರೆ ಇರು ಎಂಬ ಧಾತುವಿದೆ. ತಮಿಳಿನ ‘ಇಲಿರುಂದು’ ಎಂಬುದರಲ್ಲಿಯೂ ‘ಇರು’ ಧಾತುವೇ ಇದೆ. ಊರಿನಲ್ಲಿ ಇದ್ದು, ಅಲ್ಲಿಂದ ಹೊರಟು ಎಂಬುದು ಅವುಗಳ ಒಳ ಅರ್ಥ. ಕರಣಾರ್ಥಕ್ಕೆ ತೆಲುಗಿನಲ್ಲಿ ‘ತೋ’, ತಮಿಳಿನಲ್ಲಿ ‘ಆಲ್’ ಬೇರೆಯೇ ಇವೆ. ತಮಿಳಿನ ತೊಲ್ಕಾಪ್ಪಿಯಂ ವಿಭಕ್ತಿಗಳನ್ನು ಅವುಗಳ ಪ್ರತ್ಯಯಗಳಿಂದಲೇ ಕರೆಯುತ್ತದೆ, ಜೊತೆಗೆ ಸಂಖ್ಯೆಯ ಕ್ರಮವನ್ನೂ ಇಟ್ಟುಕೊಂಡಿದೆ. ಅದರಲ್ಲಿ ಐದನೆಯದು ‘ಇನ್’. ಕನ್ನಡದ ‘ಇಂ’ ಪ್ರತ್ಯಯವನ್ನು ಈ ‘ಇನ್’ ಜೊತೆ ಹೋಲಿಸಿದ ವಿದ್ವಾಂಸರಿದ್ದಾರೆ. ಆ ಹೋಲಿಕೆ ನಿಲ್ಲುವುದಾದರೆ ಕನ್ನಡದಲ್ಲಿ ತೃತೀಯೆಯೆಂದು ಕರೆಯುತ್ತಿರುವುದೇ ಹುಟ್ಟಿನಿಂದ ಅಗಲಿಕೆಯ ಪ್ರತ್ಯಯವಾಗಿದ್ದು, ಪಂಚಮಿಯಾಗಿ ಹೆಸರಾಗಬೇಕಾದದ್ದು ಮೂರನೆಯ ಮನೆಯಲ್ಲಿ ಎಣಿಕೆಯಾಯಿತು ಎನ್ನಬೇಕಾಗುತ್ತದೆ.

ಇಂದಿನ ಆಡುನುಡಿ ಈ ಊಹೆಗೆ ದೂರದಿಂದ ತಲೆದೂಗುವಂತಿದೆ. ದಕ್ಷಿಣ ಕರ್ನಾಟಕದ ಮಾತಿನಲ್ಲಿ ‘ಚಾಕೂಲಿ ಕೊಯ್ದ’, ‘ಬಸ್ಸಲ್ಲಿ ಬಂದ’ ಎಂದು ಉಪಕರಣಕ್ಕೆ ಸಪ್ತಮಿಯನ್ನು ಬಳಸುವುದು ತೀರ ಸಾಮಾನ್ಯ. ಕರಣದ ಕೆಲಸ ‘ಅಲ್ಲಿ’ ಎಂಬುದರ ಕಡೆಗೆ ಸರಿಯುತ್ತ, ‘ಇಂದ’ ಎಂಬುದು ಅಗಲಿಕೆಗೂ ಕಾರಣಕ್ಕೂ ಹೆಚ್ಚು ಹೆಚ್ಚಾಗಿ ಸಲ್ಲುತ್ತಿದೆ. ‘ನಂದಗುಡಿಯಿಂದ ಬಸ್ಸಲ್ಲಿ ಬಂದೆ’ ಎಂಬ ಸರಳ ವಾಕ್ಯದಲ್ಲಿ ಪಠ್ಯದ ತೃತೀಯೆ ಅಪಾದಾನವನ್ನೂ ಪಠ್ಯದ ಸಪ್ತಮಿ ಕರಣವನ್ನೂ ಹೇಳುತ್ತಿವೆ. ಎರಡೂ ಪದಗಳಲ್ಲಿ ಹೆಸರು ಒಂದು ಕಡೆ, ಅರ್ಥ ಇನ್ನೊಂದು ಕಡೆ.

ಕೇಶಿರಾಜನಿಗೆ ಸಲ್ಲಬೇಕಾದದ್ದು

ಹಾಗಾದರೆ ‘ಅತ್ತಣಿಂ’ ಎಂಬುದನ್ನು ಕೈಬಿಟ್ಟು, ಕನ್ನಡಕ್ಕೆ ಪಂಚಮಿ ಇಲ್ಲವೆಂದು ಮುಗಿಸಬಹುದೇ? ಆಡುನುಡಿಯ ಇನ್ನೊಂದು ಅಭ್ಯಾಸ ಅದಕ್ಕೆ ಅಡ್ಡ ಬರುತ್ತದೆ. ಊರು, ಮರ, ಮನೆ ಮೊದಲಾದವುಗಳಿಗೆ ಬರಿಯ ‘ಇಂದ’ ಸಾಕು. ಮನುಷ್ಯರ ಮಾತು ಬಂದಾಗ ಕನ್ನಡ ಅಷ್ಟಕ್ಕೆ ತೃಪ್ತವಾಗುವುದಿಲ್ಲ. ‘ಅಣ್ಣನಿಂದ ಹಣ ಬಂತು’ ಎಂದರೆ ಅಣ್ಣ ಕೊಟ್ಟನೋ, ಅಣ್ಣನ ಪ್ರಭಾವದಿಂದ ಬಂತೋ ಎಂಬ ಸಂದೇಹ ಉಳಿಯಬಹುದು. ಆದ್ದರಿಂದ ‘ಅಣ್ಣನ ಕಡೆಯಿಂದ ಬಂತು’, ‘ಅಣ್ಣನ ಹತ್ತಿರದಿಂದ ತಂದೆ’ ಎನ್ನುತ್ತಾರೆ. ಹೆಣ್ಣಿನ ಕಡೆಯಿಂದ, ಗಂಡಿನ ಕಡೆಯಿಂದ ಎಂಬುದು ಮದುವೆಮನೆಯ ದಿನಬಳಕೆಯ ಮಾತು. ‘ಕಡೆಯಿಂದ’ ಎಂಬುದರ ರಚನೆಯನ್ನು ನೋಡಿದರೆ ಅದೇ ಮೂರು ಭಾಗಗಳು: ಮೊದಲು ಷಷ್ಠಿ, ನಡುವೆ ಪಕ್ಕ ಎಂಬರ್ಥದ ಪದ, ಕೊನೆಗೆ ‘ಇಂದ’.

ಅತ್ತಣಿಂ, ದೆಸೆಯಿಂದ, ಕಡೆಯಿಂದ. ಪದಗಳು ಬದಲಾದವು, ಅಗಲಿಕೆಯನ್ನು ಬಿಡಿಸಿ ಹೇಳಬೇಕಾದಾಗ ‘ಕಡೆ’ ಎಂಬ ಭಾವವನ್ನು ನಡುವೆ ಇಡುವ ಕನ್ನಡದ ಪದ್ಧತಿ ಬದಲಾಗಲಿಲ್ಲ. ತೆಲುಗು, ತಮಿಳುಗಳು ‘ಇದ್ದು’ ಎಂಬುದನ್ನು ಆರಿಸಿಕೊಂಡಾಗ ಕನ್ನಡ ‘ಕಡೆ’ಯನ್ನು ಆರಿಸಿಕೊಂಡಿತು. 13ನೆಯ ಶತಮಾನದಲ್ಲಿ ಈ ಪದ್ಧತಿಗೆ ಲಕ್ಷಣಗ್ರಂಥದಲ್ಲಿ ಸ್ಥಾನ ಕೊಟ್ಟವನು ಕೇಶಿರಾಜ. ಅವನು ಆ ಸ್ಥಾನಕ್ಕೆ ಬಳಸಿದ ಮನೆ ಎರವಲಿನದು. ಅಲ್ಲಿ ಕಂಡ ಸತ್ಯ ಸ್ವಂತದ್ದು.

ದೋಷವಿರುವುದು ಬೇರೆ ಕಡೆ. ಅಪಾದಾನ ಎಂಬ ಅರ್ಥವನ್ನೂ ಪಂಚಮಿ ಎಂಬ ರೂಪವನ್ನೂ ಒಂದೇ ಎಂದು ತಿಳಿದು, ಅರ್ಥವಿದ್ದಲ್ಲೆಲ್ಲ ಅದಕ್ಕೊಂದು ಮೀಸಲು ಪ್ರತ್ಯಯ ಇರಲೇಬೇಕೆಂದು ಹಟ ಹಿಡಿದ ಪಾಠಕ್ರಮದಲ್ಲಿ ದೋಷವಿದೆ. ಕಾರಕ ಬೇರೆ, ವಿಭಕ್ತಿ ಬೇರೆ ಎಂದು ಪಾಣಿನಿಯೇ ತೋರಿಸಿದ್ದ. ಆ ಭೇದವನ್ನು ಪೂರ್ಣವಾಗಿ ಪಾಲಿಸಿದ್ದರೆ ಕನ್ನಡದಲ್ಲಿ ಅಪಾದಾನಾರ್ಥಕ್ಕೆ ‘ಇಂದ’ ಬರುತ್ತದೆ, ಬಿಡಿಸಿ ಹೇಳಬೇಕಾದಾಗ ‘ಕಡೆಯಿಂದ’ ಮೊದಲಾದವು ಬರುತ್ತವೆ ಎಂಬ ಎರಡು ಮಾತುಗಳಲ್ಲಿ ಪಾಠ ಮುಗಿಯುತ್ತಿತ್ತು. ‘ಸ್ವೀಕರಿಸುವ’ ವಿಭಕ್ತಿಯನ್ನು ‘ಇಂದ’ ಎಂಬ ಮಾತಿನ ಸಹಾಯದಿಂದ ಕಲಿಯುವ ಐಸ್‌ಲ್ಯಾಂಡಿನ ಮಕ್ಕಳು ಹೆಸರು ಮತ್ತು ಅರ್ಥ ಬೇರೆಯಾಗಿರಬಹುದೆಂಬುದನ್ನು ಯಾವ ಸಂಕಟವೂ ಇಲ್ಲದೆ ಒಪ್ಪಿಕೊಂಡಿದ್ದಾರೆ. ಸಂಸ್ಕೃತದ ಕಾರಕ ವಿಚಾರವನ್ನು ಇನ್ನೂ ಆಳವಾಗಿ ಅರಿತಿದ್ದರೆ ಕನ್ನಡದ ಪಂಚಮಿಯ ತೊಡಕು ಹುಟ್ಟುತ್ತಲೇ ಇರಲಿಲ್ಲ.

ಶಾಲೆಯ ಹುಡುಗಿ ‘ನಂದಗುಡಿಯಿಂದ’ ಎಂದು ಬರೆದರೆ ಅದರ ಪಕ್ಕದಲ್ಲಿ ಎರಡು ಟಿಪ್ಪಣಿಗಳು ಬೇಕು: ರೂಪದಲ್ಲಿ ತೃತೀಯೆ, ಅರ್ಥದಲ್ಲಿ ಅಪಾದಾನ. ಎರಡೂ ಸರಿಯಾದ ಉತ್ತರಗಳೇ. ಅವಳ ತಂದೆ ಆಡಿದ ಕನ್ನಡದಲ್ಲಿ ತಿದ್ದಬೇಕಾದದ್ದು ಏನೂ ಇಲ್ಲ.